ಮುಹೂರ್ತಕ್ಕೆ ಮುಂಚಿನ ಗಟ್ಟಿಮೇಳ

ಹುಣಸೆಕೊಪ್ಪಲಿನಲ್ಲಿ ತಿಮ್ಮಾಜಮ್ಮ ಅಂತ ಒಬ್ಬಳಿದ್ದಳು. ವಯಸ್ಸು ಅರವತ್ತು ದಾಟಿತ್ತು. ಮೊಣಕಾಲು ನೋಯುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ಇರಲಿಲ್ಲ. ಯಾರ ಮನೆ ಸೊಸೆ ಯಾವ ಸೋಮವಾರ ಮುನಿಸಿಕೊಂಡು ತವರಿಗೆ ಹೋದಳು, ಯಾರ ಮಗ ಯಾರ ಹಿತ್ತಲ ಬೇಲಿ ಹಾರಿದ, ಎಲ್ಲ ಅವಳ ಬಾಯಲ್ಲಿತ್ತು. ಸುದ್ದಿಗೆ ಒಗ್ಗರಣೆ ಹಾಕುವುದನ್ನು ಅವಳಿಂದ ಕಲಿಯಬೇಕು. ಸಾಸಿವೆ ಸಿಡಿದ ಸದ್ದು ಪಕ್ಕದ ಊರಿಗೂ ಕೇಳಿಸುತ್ತಿತ್ತು.

ಅವಳು ಸಾವಿರ ಸಲ ಹೇಳಿದ ಕಥೆ ಒಂದಿತ್ತು. ಅದು ಅವಳದೇ ಮದುವೆಯ ಕಥೆ.

ತಾಳಿ ಕಟ್ಟುವ ಗಳಿಗೆಯಲ್ಲಿ ಅಯ್ನೋರು ಬೆರಳಾಡಿಸಿ ‘ಗಟ್ಟಿಮೇಳ, ಗಟ್ಟಿಮೇಳ’ ಅಂತಾರಲ್ಲ, ಆಗ ವಾಲಗದವರು ಕಿವಿ ಕಿತ್ತುಹೋಗುವ ಹಾಗೆ ಊದಬೇಕು, ಬಾರಿಸಬೇಕು. ಜನ ಅಕ್ಷತೆ ಎಸೆಯಬೇಕು. ಆ ಗಳಿಗೆಯಲ್ಲಿ ಯಾರಾದರೂ ಸೀನಿದರೆ, ಅತ್ತರೆ, ಅಪಶಕುನದ ಮಾತಾಡಿದರೆ ಯಾರ ಕಿವಿಗೂ ಬೀಳಬಾರದು ಅಂತ ಹಿರಿಯರು ಮಾಡಿಟ್ಟ ಉಪಾಯ ಅದು. ತಿಮ್ಮಾಜಮ್ಮನ ಮದುವೆಯಲ್ಲಿ ಏನಾಯಿತು ಅಂದರೆ, ಅಯ್ನೋರು ಇನ್ನೂ ಬಾಯಿ ತೆರೆದಿರಲಿಲ್ಲ, ವಾಲಗದ ಮುದ್ದಯ್ಯ ಗಟ್ಟಿಮೇಳ ಊದಿಬಿಟ್ಟ! ಜನ ಗಾಬರಿಯಲ್ಲಿ ಅಕ್ಷತೆ ಎಸೆದೇಬಿಟ್ಟರು. ತಾಳಿ ನೋಡಿದರೆ ಇನ್ನೂ ತೆಂಗಿನಕಾಯಿಯ ಮೇಲೆ ಕೂತಿತ್ತು. ಅಕ್ಷತೆ ಬಿದ್ದಮೇಲೆ ಇನ್ನೇನು ಅಂತ ಅಯ್ನೋರು ಧಡಬಡ ತಾಳಿ ಕಟ್ಟಿಸಿದರು. ಅದು ಮುಗಿಯುವವರೆಗೂ ಮುದ್ದಯ್ಯ ನಿಲ್ಲಿಸಲಿಲ್ಲ.

“ತಾಳಿ ತಟ್ಟೇಲಿ, ಅಕ್ಕಿ ತಲೇಲಿ!” ಅಂತ ತಿಮ್ಮಾಜಮ್ಮ ಈ ಕಥೆ ಹೇಳಿ ನಗಿಸುತ್ತಿದ್ದಳು. ಅವಳ ಬಾಯಿಂದಲೇ ಅವನಿಗೆ ‘ಅವಸರದ ಮುದ್ದಯ್ಯ’ ಅನ್ನೋ ಹೆಸರು ಬಿತ್ತು. ನಲವತ್ತೆರಡು ವರ್ಷವಾದರೂ ಆ ಹೆಸರು ಕಳಚಲಿಲ್ಲ. ದೊಡ್ಡ ಮನೆಯವರು ಮದುವೆಗೆ ಬೇರೆ ಊರಿನ ವಾಲಗ ಕರೆಸಿದರು. ಮುದ್ದಯ್ಯನಿಗೆ ನಾಮಕರಣ, ಗೃಹಪ್ರವೇಶ ಉಳಿದವು. ಅವನು ಯಾರಿಗೂ ಎದುರು ಮಾತಾಡಲಿಲ್ಲ.

ಈಗ ತಿಮ್ಮಾಜಮ್ಮನ ತಮ್ಮ ಮರೀಗೌಡನ ಮಗಳು ಸಿಂಚನಾಳ ಮದುವೆ ಗೊತ್ತಾಯಿತು. ಗಂಡು ಹೊರಗಿನವನು. ತಿಮ್ಮಾಜಮ್ಮನ ಹೊಟ್ಟೆಗೆ ಅಲ್ಲೇ ಬೆಂಕಿ ಬಿತ್ತು. ಆ ಹುಡುಗಿ ಹುಟ್ಟಿದ ದಿನವೇ ಅವಳು ತನ್ನ ಮಗ ಲಿಂಗರಾಜನಿಗೆ ಅಂತ ತೊಟ್ಟಿಲಿಗೆ ಕೈ ಹಾಕಿ ಹೇಳಿದ್ದಳು.

“ಸಂಬಂಧದಲ್ಲಿ ಬೇಡ ಕಣಕ್ಕ, ಡಾಕ್ಟ್ರು ಬೇಡ ಅಂತಾರೆ” ಅಂದ ಮರೀಗೌಡ.

“ನಮ್ಮಪ್ಪ ಅಕ್ಕನ ಮಗಳು ಅಂತ ನಮ್ಮವ್ವನ್ನ ಕೇಳ್ಕೊಂಡು ಬಂದಾಗ ಯಾವ ಡಾಕ್ಟ್ರು ಅಡ್ಡ ಬಂದಿದ್ದ?” ಅಂದಳು ತಿಮ್ಮಾಜಮ್ಮ. “ನನ್ನ ಮಗ ಕಪ್ಪಗವ್ನೆ ಅಂತ ನೇರ ಹೇಳು.”

ಲಿಂಗರಾಜನಿಗೆ ಬೇಜಾರು ಆದಂತಿರಲಿಲ್ಲ, ಮದುವೆಗೆ ಚಪ್ಪರದ ಗಳ ಹೊತ್ತವನೂ ಅವನೇ. ಉರಿಯೆಲ್ಲ ತಾಯಿಯದು.

ಉರಿಯ ಜೊತೆಗೆ ತಿಮ್ಮಾಜಮ್ಮನ ಹತ್ತಿರ ಒಂದು ಗುಟ್ಟೂ ಇತ್ತು. ಹೋದ ವರ್ಷ ಅವಳ ಎರಡು ಕಣ್ಣಿಗೂ ಪೊರೆ ತೆಗೆಸಿದ್ದರು. ಹದಿನೈದು ದಿನ, ದಿನಕ್ಕೆ ನಾಲ್ಕು ಸಲ, ಆ ಕಣ್ಣಿಗೆ ಔಷಧಿ ಬಿಟ್ಟವಳು ಇದೇ ಸಿಂಚನ. ಕಣ್ಣು ಸರಿಹೋದಮೇಲೆ ತಿಮ್ಮಾಜಮ್ಮ ದಸರೆಗೆ ಮೈಸೂರಿಗೆ ಹೋದಳು. ವಸ್ತುಪ್ರದರ್ಶನದಲ್ಲಿ ಆ ಹೊಸ ಕಣ್ಣಿಗೆ ಕಂಡದ್ದೇನು? ಸಿಂಚನ! ಪಕ್ಕದಲ್ಲಿ ಕನ್ನಡಕ ಹಾಕಿದ ಒಬ್ಬ ಹುಡುಗ. ಇಬ್ಬರೂ ಒಂದೇ ಪೊಟ್ಟಣದಲ್ಲಿ ಚುರುಮುರಿ ತಿನ್ನುತ್ತಿದ್ದರು. ಹುಡುಗನಿಗೆ ಖಾರ ಹತ್ತಿ ಕೆಮ್ಮು ಬಂದರೆ ಇವಳು ಬೆನ್ನು ಬೇರೆ ತಟ್ಟಿದಳು. ಔಷಧಿ ಬಿಟ್ಟವಳನ್ನೇ ಆ ಕಣ್ಣು ಹಿಡಿದುಹಾಕಿತು.

ಈಗ ತಾಳಿ ಕಟ್ಟುತ್ತಿರುವವನು ಆ ಕನ್ನಡಕದವನಲ್ಲ.

ಒಂದು ವರ್ಷ ಈ ಸುದ್ದಿಯನ್ನು ತಿಮ್ಮಾಜಮ್ಮ ಯಾರಿಗೂ ಹೇಳಿರಲಿಲ್ಲ. ಅವಳ ಜನ್ಮದಲ್ಲೇ ಅದು ದೊಡ್ಡ ವ್ರತ. ಹುಡುಗಿ ಹೇಗೂ ನಮ್ಮನೆಗೇ ಬರೋಳು ಅಂತ ಇಟ್ಟುಕೊಂಡಿದ್ದಳು. ಇನ್ನು ಯಾತಕ್ಕೆ ಇಟ್ಟುಕೊಳ್ಳಬೇಕು? ಆದರೆ ಮೆಲ್ಲಗೆ ಹೇಳಿದರೆ ಮೆಲ್ಲಗೆ ಮುಚ್ಚಿಹಾಕುತ್ತಾರೆ. ತಾಳಿ ಬಿದ್ದಮೇಲೆ ಹೇಳಿದರೆ ಗಂಡಿನ ಮನೆಯವರೇ ತಮ್ಮ ಮಾನ ಅಂತ ನುಂಗಿಕೊಳ್ಳುತ್ತಾರೆ. ಹೇಳುವುದಾದರೆ ತಾಳಿಗೆ ಮುಂಚೆ, ಮಂಟಪದಲ್ಲಿ, ಮುನ್ನೂರು ಜನದ ಎದುರಿಗೆ ಹೇಳಬೇಕು. ಹಾಗಂತ ಲೆಕ್ಕ ಹಾಕಿ ಅವಳು ಹಸಿರು ರೇಷ್ಮೆ ಸೀರೆಯುಟ್ಟು ಮದುವೆಗೆ ಹೊರಟಳು.

ಕಲ್ಯಾಣ ಮಂಟಪದ ಬಾಗಿಲಲ್ಲೇ ಅವಳಿಗೆ ನಗು ಬಂತು. ವಾಲಗಕ್ಕೆ ಕೂತವನು ಮುದ್ದಯ್ಯ! ಗೊತ್ತು ಮಾಡಿದ್ದ ವಾಲಗದವನ ಮನೆಯಲ್ಲಿ ಸೂತಕ ಬಂದು, ಕೊನೇ ಗಳಿಗೆಯಲ್ಲಿ ಇವನನ್ನೇ ಕರೆತಂದಿದ್ದರು. ಎಪ್ಪತ್ತೆಂಟು ವರ್ಷದ ಮುದುಕ. ಮೂರು ಮೆಟ್ಟಿಲು ಹತ್ತುವುದಕ್ಕೆ ಮೂರು ಸಲ ನಿಂತ. ಕರವಸ್ತ್ರದ ಗಂಟು ಬಿಚ್ಚಿ ಕಟ್ಟಿಸಿದ ಹಲ್ಲು ತೆಗೆದು ಬಾಯಿಗೆ ಹಾಕಿಕೊಂಡ. ಊಟಕ್ಕೆ ತೆಗೆಯುತ್ತಿದ್ದ, ವಾಲಗಕ್ಕೆ ಹಾಕುತ್ತಿದ್ದ.

“ಏನಯ್ಯ ಮುದ್ದಯ್ಯ, ಇವತ್ತಾದ್ರೂ ತಾಳಿ ಕಟ್ಟೋಗಂಟ ತಡ್ಕೊಂಡೀಯಾ?” ಅಂದಳು ತಿಮ್ಮಾಜಮ್ಮ. ಸುತ್ತ ಇದ್ದ ಹೆಂಗಸರು ಘೊಳ್ಳೆಂದರು.

“ನೋಡಾಣ ತಾಯಿ” ಅಂತ ಅವನು ಹಲ್ಲು ಸರಿಮಾಡಿಕೊಂಡ.

ಮುಹೂರ್ತ ಹತ್ತಿರ ಬಂತು. ತೆಂಗಿನಕಾಯಿಯ ಮೇಲೆ ತಾಳಿಯಿಟ್ಟ ತಟ್ಟೆ ಸಾಲಿನಿಂದ ಸಾಲಿಗೆ ಹೊರಟಿತು. ಹಿರಿಯರೆಲ್ಲ ತಾಳಿ ಮುಟ್ಟಿ ಹರಸಬೇಕು. ತಿಮ್ಮಾಜಮ್ಮ ಮೊದಲ ಸಾಲಿನಲ್ಲಿ, ಗಂಡಿನ ತಾಯಿ ಸಾವಿತ್ರಮ್ಮನ ಪಕ್ಕದ ಕುರ್ಚಿಯನ್ನೇ ಹಿಡಿದು ಕೂತಿದ್ದಳು. ತಟ್ಟೆ ತನ್ನ ಮುಂದೆ ಬಂದಾಗ ಮುಟ್ಟಬಾರದು, ಮಾತಾಡಬೇಕು ಅಂತ ಅವಳ ಯೋಜನೆ. ಸಿಂಚನ ಹಸೆಮಣೆಯಿಂದ ಅತ್ತೆಯನ್ನೇ ನೋಡುತ್ತಿದ್ದಳು. ಅತ್ತೆಯ ತುಟಿ ಅಲುಗುವುದು ಕಂಡಿತೋ ಏನೋ, ಹುಡುಗಿಯ ಮುಖ ಅಕ್ಷತೆಯ ಬಣ್ಣಕ್ಕೆ ತಿರುಗಿತು. ದಸರೆಯ ದಿನ ಅವಳೂ ಅತ್ತೆಯನ್ನು ಕಂಡಿದ್ದಳು.

ತಟ್ಟೆ ಬಂತು. ತಿಮ್ಮಾಜಮ್ಮ ಎದ್ದುನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎದೆ ತುಂಬ ಉಸಿರೆಳೆದುಕೊಂಡಳು.

“ನೋಡ್ರಪ್ಪ ಎಲ್ರೂ, ಹೋದ ವರ್ಷ ಈ ಹುಡುಗಿ...”

ಪೀಂ ಅಂತ ಗಟ್ಟಿಮೇಳ ಶುರುವಾಯಿತು! ಡೋಲಿನ ನಿಂಗಯ್ಯ ಎಲೆ ಅಡಿಕೆ ಉಗುಳುವುದನ್ನೂ ಬಿಟ್ಟು ಧಬಧಬ ಬಾರಿಸಿದ. ನಾಲ್ಕು ದಿಕ್ಕಿನಿಂದ ಅಕ್ಷತೆ ಬಂತು. ತಿಮ್ಮಾಜಮ್ಮನ ತೆರೆದ ಬಾಯಿಗೇ ಒಂದು ಹಿಡಿ ಬಿತ್ತು. ತಟ್ಟೆ ಅವಳನ್ನು ದಾಟಿ ಮುಂದೆ ಹೋಯಿತು.

“ಏಯ್, ನಾನೆಲ್ಲಯ್ಯ ಹೇಳ್ದೆ?” ಅಂತ ಅಯ್ನೋರು ಮಂತ್ರ ಬಿಟ್ಟು ಕೂಗಿದರು. “ಇನ್ನೂ ತಾಳಿ ತಟ್ಟೆಯೇ ವಾಪಸ್ಸು ಬಂದಿಲ್ಲ!”

ಮುದ್ದಯ್ಯ ವಾಲಗ ಇಳಿಸಿ ಕೈ ಮುಗಿದ. ಮಂಟಪವೆಲ್ಲ ನಗು. “ಅವಸರದ ಮುದ್ದಯ್ಯ, ಅವಸರದ ಮುದ್ದಯ್ಯ!” “ಮುದುಕನಿಗೆ ಅರಳುಮರಳು ಕಣ್ರೋ!” ತಿಮ್ಮಾಜಮ್ಮ ಅಕ್ಕಿ ಉಗುಳಿದಳು. ಅವಳಿಗೂ ನಗು ಬಂತು, ಹಳೆಯ ಕಥೆಗೆ ಹೊಸ ಬಾಲ ಸಿಕ್ಕಿತಲ್ಲ ಅಂತ.

ಎರಡನೇ ಸಲ ಅವಳು ಸಾವಿತ್ರಮ್ಮನ ಕಡೆ ತಿರುಗಿದಳು. “ಬೀಗಿತ್ತಿಯೋರೆ, ಒಂದು ಮಾತು. ದಸರೇಲಿ ನಿಮ್ಮ ಸೊಸೆ...” ಅಂದಳೋ ಇಲ್ಲವೋ, ಮತ್ತೆ ಪೀಂ! ಮತ್ತೆ ಡೋಲು, ಮತ್ತೆ ಅಕ್ಷತೆ. ಸಾವಿತ್ರಮ್ಮ ಕಿವಿಗೆ ಕೈ ಕೊಟ್ಟು “ಏನಂದ್ರಿ? ಏನಂದ್ರಿ?” ಅಂದಳು. ಈ ಸಲ ಜನ ನಗಲಿಲ್ಲ. ಅಕ್ಷತೆಯ ತಟ್ಟೆಯಲ್ಲಿ ನಾಲ್ಕು ಕಾಳು ಉಳಿದಿದ್ದವು. ಮರೀಗೌಡ ತಲೆ ಚಚ್ಚಿಕೊಂಡು ಅಡುಗೆಮನೆಯಿಂದ ಅಕ್ಕಿ, ಅರಿಶಿನ ತರಿಸಿದ. ಅಯ್ನೋರು, “ಮುದ್ದಯ್ಯ, ಇನ್ನೊಂದ್ಸಲ ಊದಿದ್ರೆ ನಾನೇ ಎದ್ದು ಬಂದು ಕಿತ್ಕೋತೀನಿ” ಅಂದರು.

ಆಗ ತಿಮ್ಮಾಜಮ್ಮನಿಗೆ ಹೊಳೆಯಿತು. ಇದು ಅರಳುಮರಳಲ್ಲ. ಮುದುಕ ವಾಲಗ ತುಟಿಯ ಹತ್ತಿರವೇ ಇಟ್ಟುಕೊಂಡು ತನ್ನನ್ನೇ ನೋಡುತ್ತಿದ್ದಾನೆ! ಅವಳ ರೋಷ ನೆತ್ತಿಗೇರಿತು. ಮೊಣಕಾಲಿನ ನೋವು ಮರೆತು ದಡದಡ ಮಂಟಪದ ಮೆಟ್ಟಿಲು ಹತ್ತಿದಳು. ಗಂಡು ಹೆಣ್ಣಿನ ಎದುರಿಗೇ ನಿಂತಳು. ಊರಿಗೆ ಕೇಳಿಸುವಷ್ಟು ಉಸಿರನ್ನು ಎಳೆದುಕೊಂಡಳು.

ಮುದ್ದಯ್ಯನೂ ಎದ್ದುನಿಂತ. ಅವನೂ ಉಸಿರೆಳೆದುಕೊಂಡ.

ಅವಳು ಬಾಯಿ ತೆರೆಯುವುದಕ್ಕೂ ಅವನು ಊದುವುದಕ್ಕೂ ಸರಿಹೋಯಿತು. ಈ ಸಲದ ಗಟ್ಟಿಮೇಳ ಮೊದಲಿನ ಹಾಗಿರಲಿಲ್ಲ. ಒಂದೇ ಸ್ವರ ಹಿಡಿದು ಮೇಲಕ್ಕೆ ಹತ್ತಿಸಿದ, ಇಳಿಸಲೇ ಇಲ್ಲ. ಕೆನ್ನೆ ಎರಡೂ ತುಂಬಿದ ಚೆಂಬಿನ ಹಾಗಾದವು. ಕೊರಳ ನರ ಹಗ್ಗದ ಹಾಗೆ ಎದ್ದವು. ಮೂರು ಮೆಟ್ಟಿಲಿಗೆ ಮೂರು ಸಲ ನಿಂತವನು ಇವನೇನಾ? ಅಡುಗೆ ಭಟ್ಟರು ಸೌಟು ಹಿಡಿದುಕೊಂಡೇ ಈಚೆ ಬಂದರು. ಅಳುತ್ತಿದ್ದ ಕೂಸುಗಳು ಬಾಯಿ ಮುಚ್ಚಿದವು. ತಿಮ್ಮಾಜಮ್ಮ ‘ಚುರುಮುರಿ’ ಅಂತ ಕಿರುಚಿದಳು, ಅವಳ ಕಿವಿಗೇ ಕೇಳಿಸಲಿಲ್ಲ. ಮತ್ತೆ ಕಿರುಚಿದಳು. ಉಸಿರು ಮುಗಿಯಿತು. ಮುದುಕನದು ಮುಗಿಯಲಿಲ್ಲ. ಕೊನೆಗೆ ಅವಳು ಬಾಯಿ ತೆರೆದುಕೊಂಡು ಸುಮ್ಮನೆ ನಿಂತಳು. ಕೈಯ ರೋಮ ನಿಮಿರಿರುವುದು ಅವಳಿಗೇ ಕಂಡಿತು. ನಲವತ್ತೆರಡು ವರ್ಷ ಆಡಿಕೊಂಡವಳು ಇವತ್ತು ಮೊದಲ ಸಲ ಅವನ ವಾಲಗ ಕೇಳುತ್ತಿದ್ದಳು.

“ಇವನು ನಿಲ್ಸೋ ಹಾಗೆ ಕಾಣೆ. ಮುಹೂರ್ತವೂ ಬಂತು, ಕಟ್ಟಪ್ಪ, ಕಟ್ಟು!” ಅಂತ ಅಯ್ನೋರು ಕೈಸನ್ನೆ ಮಾಡಿದರು. ಗಂಡು ತಾಳಿ ಕಟ್ಟಿದ. ಮೂರನೇ ಗಂಟು ಬಿದ್ದಮೇಲೆ ಮುದ್ದಯ್ಯ ಸ್ವರ ಇಳಿಸಿದ. ಆಮೇಲೆ ಮೆಲ್ಲಗೆ ಕೂತ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅವನು ಹಿಂದಿನ ಜಗಲಿಯಲ್ಲಿ ಹಲ್ಲು ತೆಗೆದಿಟ್ಟು ನೀರು ಕುಡಿಯುತ್ತಿದ್ದ. ತಿಮ್ಮಾಜಮ್ಮ ಸೊಂಟಕ್ಕೆ ಕೈಯಿಟ್ಟು ಎದುರಿಗೆ ನಿಂತಳು.

“ಯಾಕಯ್ಯ, ನನ್ನ ಬಾಯಿಗೆ ಬೀಗ ಹಾಕೋಕೆ ನೀನ್ಯಾವೋನಯ್ಯ? ನಾನು ಏನು ಹೇಳ್ತೀನಿ ಅಂತ ನಿನಗೆ ಹೆಂಗೆ ಗೊತ್ತು?”

“ಏನು ಅಂತ ಗೊತ್ತಿಲ್ಲ ತಾಯಿ. ಒಳ್ಳೇದಲ್ಲ ಅಂತ ಗೊತ್ತಿತ್ತು.”

“ಅದು ಹೆಂಗೆ?”

“ನಾನು ಉಸಿರಿನ ಕಸುಬಿನೋನು. ಮಾತಿಗೆ ಮುಂಚೆ ಉಸಿರು ನೋಡ್ತೀನಿ. ಆಶೀರ್ವಾದಕ್ಕೆ ಅರ್ಧ ಉಸಿರು ಸಾಕು ತಾಯಿ. ಮೆಲ್ಲಗೆ ಅಂದ್ರೂ ಅದು ಮುಟ್ತದೆ. ಕೆಟ್ಟ ಮಾತಿಗೇ ತುಂಬು ಉಸಿರು ಬೇಕು. ಅರವತ್ತು ವರ್ಷದಲ್ಲಿ ಅಂಥ ಉಸಿರನ್ನ ಮುಹೂರ್ತದಾಗೆ ಎರಡೇ ಸಲ ಕಂಡಿದ್ದು. ಇವತ್ತೊಂದು ಸಲ.”

“ಇನ್ನೊಂದ್ಸಲ?”

ಮುದ್ದಯ್ಯ ನೀರಿನ ಲೋಟ ಕೆಳಗಿಟ್ಟ. “ನಿಮ್ಮ ಮದುವೇಲಿ.”

ತಿಮ್ಮಾಜಮ್ಮ ನಗಲು ಹೋದಳು. ಬಾಯಿ ಅರ್ಧಕ್ಕೆ ನಿಂತಿತು.

“ನಿಮ್ಮ ಯಜಮಾನ್ರ ಸೋದರತ್ತೆ ಪುಟ್ಟಮಾದಮ್ಮ ಅಂತ ಒಬ್ಬರಿದ್ರಲ್ಲ, ತಮ್ಮ ಮಗಳನ್ನ ಕೊಡಬೇಕು ಅಂತಿದ್ದೋರು. ಅವರು ತಾಳಿ ತಟ್ಟೆ ಮುಂದೆ ಎದ್ದುನಿಂತ್ರು. ಹಿಂಗೇ ಸೆರಗು ಸಿಕ್ಕಿಸಿದ್ರು. ಹಿಂಗೇ ಉಸಿರೆಳೆದ್ರು. ‘ಈ ಹುಡುಗಿ ಟೆಂಟಿನಾಗೆ’ ಅಂದ್ರು. ನಾನು ಊದಿದೆ.”

“ಮುಂದೆ... ಮುಂದೇನಂದ್ರು?”

“ನನಗೆ ಕೇಳಿಸ್ನಿಲ್ಲ ತಾಯಿ. ಊದ್ತಾ ಇದ್ದೆನಲ್ಲ.”

ತಿಮ್ಮಾಜಮ್ಮ ಜಗಲಿಯ ಅಂಚಿಗೆ ಕೂತಳು. ಟೆಂಟು! ಆ ಕಾಲಕ್ಕೆ ಊರಾಚೆ ಸಿನಿಮಾ ಟೆಂಟು ಬಂದಿತ್ತು. ಅವ್ವನಿಗೆ ಬೆರಣಿ ತಟ್ಟಲು ಹೋಗುತ್ತೇನೆ ಅಂತ ಹೇಳಿ, ಬಳೆಗಾರರ ಮಗನ ಜೊತೆ ಅವಳು ಆಟ ನೋಡಲು ಹೋಗಿದ್ದಳು. ಒಂದೇ ಪೊಟ್ಟಣದಲ್ಲಿ ಹುರಿದ ಕಡಲೆಕಾಯಿ ತಿಂದಿದ್ದರು. ಅವನು ಕತ್ತಲಲ್ಲಿ ಒಂದು ಡಜನ್ ಗಾಜಿನ ಬಳೆ ಕೊಟ್ಟಿದ್ದ, ಅಳತೆ ಸರಿಯಿರಲಿಲ್ಲ. ಅಷ್ಟೇ. ಆದರೆ ಆ ಕಾಲಕ್ಕೆ ಅಷ್ಟು ಸಾಕಾಗಿತ್ತು, ಚಪ್ಪರ ಕಿತ್ತುಕೊಂಡು ದಿಬ್ಬಣ ವಾಪಸ್ಸು ಹೋಗುವುದಕ್ಕೆ. ತನ್ನ ಗುಟ್ಟು ಯಾರಿಗೂ ಗೊತ್ತಿಲ್ಲ ಅಂದುಕೊಂಡೇ ಅವಳು ಮುದುಕಿಯಾಗಿದ್ದಳು. ಅತ್ತೆಮ್ಮ ಪುಟ್ಟಮಾದಮ್ಮ ಸಾಯುವ ತನಕ ತನ್ನನ್ನು ನೋಡಿ ಒಂಥರಾ ಹಲ್ಲು ಕಡಿಯುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತು.

“ಹಂಗಾದ್ರೆ ನಾನು ಅವಸರದ ಮುದ್ದಯ್ಯ ಅಂತ ಆಡ್ಕೊಂಡಾಗ, ನಿನ್ನ ಮದುವೆ ಮನೆ ವಾಲಗವೆಲ್ಲ ತಪ್ಪಿಸಿದಾಗ, ನೀನ್ಯಾಕೆ ಬಾಯಿ ಬಿಡ್ಲಿಲ್ಲ?”

“ಬಿಟ್ಟಿದ್ರೆ ಊದಿದ್ದು ದಂಡ ಆಗ್ತಿತ್ತಲ್ಲ ತಾಯಿ” ಅಂತ ಬೊಚ್ಚುಬಾಯಲ್ಲಿ ನಕ್ಕ ಮುದ್ದಯ್ಯ.

ಊಟವಾಯಿತು. ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಎಲ್ಲರೂ ಸೇರಿದರು. ತಟ್ಟೆಯ ಹಾಲಿನಲ್ಲಿ ಸಿಂಚನಾಳ ಕೈ ಅದ್ದಿ ಸಾವಿತ್ರಮ್ಮನ ಕೈಮೇಲೆ ಇಟ್ಟರು. ಮುದ್ದಯ್ಯ ಹಲ್ಲು ಹಾಕಿಕೊಂಡು ಮತ್ತೆ ವಾಲಗ ಎತ್ತಿದ. ಈ ಸಲ ಕಿವಿಗಡಚಿಕ್ಕುವ ಸದ್ದಿಲ್ಲ. ತವರಿನ ಹೊಸಲು ದಾಟುವವಳು ಮೂರು ಹೆಜ್ಜೆಗೆ ಒಮ್ಮೆ ತಿರುಗಿ ನೋಡುತ್ತಾಳಲ್ಲ, ಹಾಗೆ ಸ್ವರ ಮುಂದೆ ಹೋಗುವುದು, ನಿಲ್ಲುವುದು, ಹಿಂದೆ ನೋಡುವುದು. ಡೋಲನ್ನು ನಿಂಗಯ್ಯ ಬೆರಳಿನಲ್ಲಿ ಸವರುತ್ತಿದ್ದ ಅಷ್ಟೇ. ಇದೇ ಧಾಟಿಯನ್ನು ತಿಮ್ಮಾಜಮ್ಮನ ಕೈ ಹಾಲಿನಲ್ಲಿದ್ದಾಗಲೂ ಇವನೇ ಊದಿದ್ದ. ಆವತ್ತು ಅವಳು ಅತ್ತಿರಲಿಲ್ಲ, ತಲೆಯಲ್ಲಿ ಸಿಕ್ಕಿಕೊಂಡ ಅಕ್ಕಿ ಆರಿಸುತ್ತಾ ಮುದ್ದಯ್ಯನನ್ನು ಬೈದುಕೊಳ್ಳುತ್ತಿದ್ದಳು. ಆವತ್ತಿನ ಅಳು ಇವತ್ತು ಬಂತು. ಪೊರೆ ತೆಗೆದ ಕಣ್ಣು ಎರಡೂ ಧಾರೆಯಾಗಿ ಹರಿದವು.

ಸಾವಿತ್ರಮ್ಮ ಮರೆತಿರಲಿಲ್ಲ. ಎಲ್ಲರೂ ಇರುವಾಗಲೇ ಕೇಳಿಬಿಟ್ಟಳು.

“ಅಲ್ಲ ಬೀಗಿತ್ತಿಯೋರೆ, ಆಗ ಮಂಟಪ ಹತ್ತಿ ಏನೋ ಕೂಗ್ತಿದ್ರಿ. ಹೋದ ವರ್ಷ ಈ ಹುಡುಗಿ ಅಂತೇನೋ ಅಂದ್ರಿ. ಏನದು?”

ಸಿಂಚನ ಹಾಲಿನ ಕೈಯನ್ನು ಹಿಂದಕ್ಕೆಳೆದುಕೊಂಡಳು. ಮರೀಗೌಡ ಅಕ್ಕನ ಮುಖ ನೋಡಿದ. ಮುದ್ದಯ್ಯ ಧಾಟಿ ನಿಲ್ಲಿಸಿ ತಿಮ್ಮಾಜಮ್ಮನ ಉಸಿರನ್ನೇ ನೋಡುತ್ತಾ ವಾಲಗವನ್ನು ತುಟಿಯ ಮೇಲೆ ಹಿಡಿದ.

ತಿಮ್ಮಾಜಮ್ಮ ಉಸಿರೆಳೆದುಕೊಂಡಳು. ಅರ್ಧ ಉಸಿರು.

ಮುದ್ದಯ್ಯ ವಾಲಗ ಕೆಳಗಿಳಿಸಿದ.

“ಹೋದ ವರ್ಷ ಈ ಹುಡುಗಿ ಹದಿನೈದು ದಿನ, ದಿನಕ್ಕೆ ನಾಲ್ಕು ಸಲ, ನನ್ನ ಕಣ್ಣಿಗೆ ಔಷಧಿ ಬಿಟ್ಳು ಕಣಮ್ಮ” ಅಂದಳು ತಿಮ್ಮಾಜಮ್ಮ. “ಒಂದು ಹನಿ ಕೆನ್ನೆಗೆ ಬೀಳಿಸ್ನಿಲ್ಲ. ಇವಳ ಕೈ ಅಂಥದ್ದು. ಚೆನ್ನಾಗಿ ನೋಡ್ಕೊಳ್ಳಿ.”

“ಅಯ್ಯೋ, ಇಷ್ಟೇನಾ? ಇದಕ್ಕೆ ಅಷ್ಟು ಕಿರುಚಬೇಕಿತ್ತಾ?”

“ಏನ್ಮಾಡ್ಲಿ ತಾಯಿ, ವಾಲಗದ ಸದ್ದು ಜಾಸ್ತಿಯಿತ್ತು.”

ಎಲ್ಲರೂ ನಕ್ಕರು. ಸಿಂಚನ ಹಾಲಿನ ಕೈಯಲ್ಲೇ ಅತ್ತೆಯ ಹಸಿರು ರೇಷ್ಮೆ ಸೀರೆಯನ್ನು ತಬ್ಬಿಕೊಂಡಳು. “ಸೀರೆ ಹಾಳಾಯ್ತಲ್ಲೇ ಮುಂಡೇದೇ” ಅಂತ ಬೈಯುತ್ತಾ ತಿಮ್ಮಾಜಮ್ಮ, ಬೆಳಗ್ಗೆ ತಟ್ಟೆಯಲ್ಲಿ ಮುಟ್ಟದೆ ಬಿಟ್ಟ ತಾಳಿಯನ್ನು ಹುಡುಗಿಯ ಕೊರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ತಿರುಗಿ ಕೂಗಿದಳು:

“ಮುದ್ದಯ್ಯಣ್ಣ, ಈಗ ಊದಣ್ಣ!”

ಅವಳ ಬಾಯಲ್ಲಿ ಅವನು ಅಣ್ಣನಾದದ್ದು ಅದೇ ಮೊದಲು. ಮುದ್ದಯ್ಯ ಮುಹೂರ್ತಕ್ಕೂ ಸೇರದ, ಶಾಸ್ತ್ರದಲ್ಲೂ ಇಲ್ಲದ ಒಂದು ಗಟ್ಟಿಮೇಳ ಊದಿದ. ಎಸೆಯಲು ಅಕ್ಷತೆ ಉಳಿದಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಅಂದಿನಿಂದ ಹುಣಸೆಕೊಪ್ಪಲಿನ ಯಾವ ಮದುವೆಗೂ ಮುದ್ದಯ್ಯನನ್ನು ಬಿಟ್ಟು ಬೇರೆ ವಾಲಗ ಬರಲು ತಿಮ್ಮಾಜಮ್ಮ ಬಿಡಲಿಲ್ಲ. ಅವಳು ಸುದ್ದಿ ಬಿಟ್ಟಳು ಅಂತ ಮಾತ್ರ ತಿಳಿಯಬೇಡಿ. ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಯಾರ ಮನೆ ಹೆಣ್ಣುಮಗಳ ಮಾತಾದರೂ ಬಂದರೆ, ಎಳೆದುಕೊಂಡ ತುಂಬು ಉಸಿರನ್ನು ಅರ್ಧಕ್ಕೆ ಬಿಟ್ಟು, “ಎಲೆ ಅಡಿಕೆ ಕೊಡ್ರೇ” ಅನ್ನುತ್ತಿದ್ದಳು.

ನೀತಿ: ಕಣ್ಣಿಗೆ ಕಂಡದ್ದೆಲ್ಲ ಬಾಯಿಗೆ ಬರಬೇಕಾಗಿಲ್ಲ. ನಮ್ಮ ಮಾನ ಇವತ್ತಿಗೂ ನೆಟ್ಟಗೆ ನಿಂತಿದ್ದರೆ, ಯಾರೋ ಯಾವತ್ತೋ ನಮ್ಮ ಪರವಾಗಿ ಗಟ್ಟಿಮೇಳ ಊದಿದ್ದಾರೆ ಅಂತಲೇ ತಿಳಿಯಬೇಕು. ಇನ್ನೊಬ್ಬರ ಸರದಿ ಬಂದಾಗ ನಾವೂ ಊದಬೇಕು. ಊದಲು ಬಾರದಿದ್ದರೆ ಬಾಯಿ ಮುಚ್ಚಿಕೊಂಡಾದರೂ ಇರಬೇಕು.